ಡಿಜಿಟಲ್ ದೂರದರ್ಶನ: ಅಡಕವೂ ಪ್ರಸಾರವೂ

— ಬಿ.ಎ. ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿ

ಕುರ್ತಕೋಟಿಯ ಯಾವ ಓಣಿಯಲ್ಲಿ ನಿಂತು ಮಾಳಿಗೆಗಳ ಕಡೆಗೆ ಕಣ್ಣು ಹಾಯಿಸಿದರೂ ಒಂದು ಸಂಗತಿ ಗಮನಕ್ಕೆ ಬರುವದು. ಮನೆ ಮಣ್ಣಿನ ಮಾಳಿಗೆಯದಿರಲಿ, ತಗಡಿನದಿರಲಿ, ಹೊಸ ಸಿಮೆಂಟಿನದಿರಲಿ, ಅದರ ಮೇಲಿನ ಡಿಶ್ ತಟ್ಟೆಯ ಮುಖ ಮಾತ್ರ ಆಗ್ನೇಯ ದಿಕ್ಕಿಗೆ, ಇಲ್ಲವೆ ಅದರ ತುಸು ಆಚೀಚೆಗೆ ಇರುವದು. ನಮ್ಮ ಹಿರಿಯರು ಒಲೆ ಹೂಡಲು ಗೊತ್ತುಮಾಡಿದ ಮೂಲೆಯೂ ಅದೇ. ಆದರೆ ತಟ್ಟೆಗೆ ದಿಕ್ಕು ಗೊತ್ತುಮಾಡಿದ್ದು ವಾಸ್ತುವಲ್ಲ, ಭೂಗೋಳ. ಗದಗ ಸೀಮೆ ಪೂರ್ವ ರೇಖಾಂಶ 75½ರ ಸುಮಾರಿಗಿದೆ. ನಮಗೆ ವಾಹಿನಿಗಳನ್ನು ಕಳಿಸುವ ಉಪಗ್ರಹಗಳು ಸಮಭಾಜಕ ವೃತ್ತದ ಮೇಲೆ, ನಮಗಿಂತ ಪೂರ್ವಕ್ಕೆ ನಿಂತಿವೆ. ಆದುದರಿಂದ ತಟ್ಟೆ ತೆಂಕಣಕ್ಕೂ ಮೂಡಣಕ್ಕೂ ನಡುವೆ ಮುಖ ಮಾಡಲೇಬೇಕು.

ಒಂದೂವರೆ-ಎರಡು ಮೊಳ ಅಗಲದ ಆ ತಟ್ಟೆಯೊಳಗೆ ನೂರಾರು ವಾಹಿನಿಗಳು ಇಳಿಯುತ್ತವೆ. ವಾರ್ತೆ, ಧಾರಾವಾಹಿ, ಆಟ, ಪಾಠ ಎಲ್ಲವೂ ಒಂದೇ ಬೆರಳು ದಪ್ಪದ ತಂತಿಯಲ್ಲಿ ಮನೆಯೊಳಗೆ ಬರುತ್ತವೆ. ಇಷ್ಟು ದೊಡ್ಡ ಸರಕು ಇಷ್ಟು ಸಣ್ಣ ದಾರಿಯಲ್ಲಿ ಹಿಡಿಸುವದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುವದೇ ಪ್ರಸ್ತುತ ಲೇಖನದ ಉದ್ದೇಶ. ನಾವು ಕಲಾ ವಿಭಾಗದವರು. ಇಂಜಿನಿಯರಿಂಗಿನ ಸೂತ್ರಗಳು ನಮಗೆ ದೂರವೆಂದು ಭಾವಿಸುವದುಂಟು. ಆದರೆ ಕನ್ನಡ ಛಂದಸ್ಸನ್ನು ಓದಿದವರಿಗೆ ಈ ವಿಷಯದ ಅರ್ಧ ಭಾಗ ಆಗಲೇ ಗೊತ್ತಿದೆಯೆಂದು ಮುಂದೆ ತೋರಿಬರುವದು.

ಲಘು-ಗುರುಗಳಲ್ಲಿ ಬರೆದ ಚಿತ್ರ

ಡಿಜಿಟಲ್ ಎಂದರೆ ಅಂಕಿಗಳಲ್ಲಿ ಬರೆದದ್ದು ಎಂದರ್ಥ. ಆ ಅಂಕಿಗಳಾದರೂ ಎರಡೇ: ಸೊನ್ನೆ ಮತ್ತು ಒಂದು. ಇಂಥ ಒಂದು ಗುರುತಿಗೆ ಬಿಟ್ ಎಂದು ಹೆಸರು. ಎರಡೇ ಗುರುತುಗಳಿಂದ ಲೋಕದ ಬಣ್ಣಗಳನ್ನೆಲ್ಲ ಬರೆಯಬಹುದೇ ಎಂದು ಯಾರಾದರೂ ಕೇಳಿದರೆ, ನಮ್ಮ ಛಂದಃಶಾಸ್ತ್ರದ ಪ್ರಸ್ತಾರವನ್ನು ಅವರ ಮುಂದಿಡಬಹುದು. ಲಘು, ಗುರು ಎಂಬ ಎರಡೇ ಗುರುತು. ಒಂದು ಅಕ್ಷರದ ಸ್ಥಾನದಲ್ಲಿ 2 ಬಗೆ, ಎರಡರಲ್ಲಿ 4, ಮೂರರಲ್ಲಿ 8. ಈ ಎಂಟೇ ಯಗಣ, ಮಗಣ ಮೊದಲಾದ ಅಕ್ಷರಗಣಗಳು. ಹೀಗೆ ಇಮ್ಮಡಿಸುತ್ತ ಹೋದರೆ ಎಂಟು ಅಕ್ಷರಗಳ ಪಾದಕ್ಕೆ 256 ಬಗೆಗಳಾಗುವವು. ದೂರದರ್ಶನದ ಇಂಜಿನಿಯರರು ಕೂಡ ಬೆಳಕಿನ ಪ್ರಮಾಣವನ್ನು ಎಂಟು ಬಿಟ್‌ಗಳಲ್ಲಿಯೇ ಬರೆಯುತ್ತಾರೆ. ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲುಗಳು. ಅಷ್ಟು ಮೆಟ್ಟಿಲುಗಳಿದ್ದರೆ ಮನುಷ್ಯನ ಕಣ್ಣಿಗೆ ಮೆಟ್ಟಿಲೇ ಕಾಣದೆ ಇಳಿಜಾರಿನಂತೆ ತೋರುವದು.

ಇನ್ನು ಚಿತ್ರದ ಲೆಕ್ಕ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಸಾಧಾರಣ ದರ್ಜೆಯ ಡಿಜಿಟಲ್ ಚಿತ್ರವು ಅಡ್ಡಲಾಗಿ 720, ಉದ್ದಕ್ಕೆ 576 ಚುಕ್ಕಿಗಳಿಂದ ಕೂಡಿದೆ. ಗುಣಿಸಿದರೆ 4,14,720 ಚುಕ್ಕಿಗಳಾದವು. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣ ಬೇಕು. ಎಂಟರಂತೆ 24 ಬಿಟ್. ಚಿತ್ರ ಚಲಿಸುವಂತೆ ಕಾಣಬೇಕಾದರೆ ಸೆಕೆಂಡಿಗೆ ಇಂಥ 25 ಚಿತ್ರಗಳು ಒಂದರ ಹಿಂದೊಂದು ಬರಬೇಕು. ಒಟ್ಟು ಸೆಕೆಂಡಿಗೆ 24,88,32,000 ಬಿಟ್‌ಗಳು! ಒಬ್ಬ ಮನುಷ್ಯನು ಸೆಕೆಂಡಿಗೆ ಒಂದರಂತೆ ಈ ಗುರುತುಗಳನ್ನು ಹಗಲಿರುಳೂ ಬರೆಯುತ್ತ ಕುಳಿತರೆ, ಒಂದು ಸೆಕೆಂಡಿನ ಚಿತ್ರವನ್ನು ಬರೆದು ಮುಗಿಸಲು ಸುಮಾರು 8 ವರ್ಷಗಳು ಬೇಕಾಗುವವು.

ಈಗ ದಾರಿಯ ಅಗಲವನ್ನು ನೋಡೋಣ. ಉಪಗ್ರಹದಲ್ಲಿ ಸಂಕೇತವನ್ನು ತೆಗೆದುಕೊಂಡು, ಬಲಗೊಳಿಸಿ, ಮರಳಿ ಭೂಮಿಗೆ ಕಳಿಸುವ ಉಪಕರಣಕ್ಕೆ ಟ್ರಾನ್ಸ್‌ಪಾಂಡರ್ ಎನ್ನುವರು. ಮನೆಯ ತಟ್ಟೆಗಳಿಗೆ ಪ್ರಸಾರ ಮಾಡುವ ಒಂದು ಟ್ರಾನ್ಸ್‌ಪಾಂಡರಿನ ಮೂಲಕ ಸಾಮಾನ್ಯವಾಗಿ ಸೆಕೆಂಡಿಗೆ 4 ಕೋಟಿ ಬಿಟ್‌ಗಳು ಸಾಗಬಹುದು. ಕಳಿಸಬೇಕಾದದ್ದು 25 ಕೋಟಿ, ದಾರಿಯಿರುವದು 4 ಕೋಟಿಗೆ. ಅಂದರೆ ಚಿತ್ರವನ್ನು ಹಸಿಯಾಗಿ ಕಳಿಸಹೋದರೆ ಇಡಿಯ ಟ್ರಾನ್ಸ್‌ಪಾಂಡರಿನಲ್ಲಿ ಒಂದು ವಾಹಿನಿಯ ಆರನೆಯ ಒಂದು ಭಾಗವೂ ಹಿಡಿಸದು. ಆದರೆ ವಾಸ್ತವವಾಗಿ ಅದೇ ದಾರಿಯಲ್ಲಿ ಹತ್ತು-ಹದಿಮೂರು ವಾಹಿನಿಗಳು ಸಾಗಿ ಬರುತ್ತಿವೆ. ಒಂದೊಂದು ವಾಹಿನಿ ಸುಮಾರು 30 ಲಕ್ಷ ಬಿಟ್‌ಗಳಿಗೆ ಇಳಿದಿದೆ. ಎಂದರೆ ಮೂಲದ ಎಂಬತ್ತರಲ್ಲೊಂದು ಪಾಲು. ಈ ಇಳಿಸುವಿಕೆಗೇ ಅಡಕವೆಂದು ಹೆಸರು.

ಏನೂ ಕಳೆಯದ ಅಡಕ

ಅಡಕದಲ್ಲಿ ಎರಡು ಜಾತಿಗಳುಂಟು. ಮೊದಲನೆಯದರಲ್ಲಿ ಏನೊಂದೂ ನಷ್ಟವಾಗುವದಿಲ್ಲ. ಇದಕ್ಕೂ ಛಂದಸ್ಸಿನಲ್ಲಿಯೇ ಒಂದು ಸೊಗಸಾದ ಉದಾಹರಣೆಯಿದೆ. ಎಂಟು ಗಣಗಳನ್ನು ಬಿಡಿಬಿಡಿಯಾಗಿ ಬರೆದರೆ ಮೂರರಂತೆ 24 ಗುರುತುಗಳು ಬೇಕು. ಆದರೆ ನಾವೆಲ್ಲ ಬಾಯಿಪಾಠ ಮಾಡಿರುವ 'ಯಮಾತಾರಾಜಭಾನಸಲಗಂ' ಎಂಬ ಸೂತ್ರದಲ್ಲಿ ಹತ್ತೇ ಅಕ್ಷರಗಳಿವೆ. ಮೊದಲ ಮೂರಕ್ಷರ ತೆಗೆದುಕೊಂಡರೆ ಯಗಣ. ಒಂದಕ್ಷರ ಸರಿದು ಮುಂದಿನ ಮೂರನ್ನು ತೆಗೆದುಕೊಂಡರೆ ಮಗಣ. ಮತ್ತೊಂದು ಸರಿದರೆ ತಗಣ. ಹೀಗೆ ಕೊನೆಯ ಸಗಣದವರೆಗೆ ಎಂಟೂ ಗಣಗಳು ಅದರೊಳಗೆ ಮಡಚಿಕೊಂಡು ಕುಳಿತಿವೆ. 24 ಗುರುತುಗಳ ಸರಕು 10ರಲ್ಲಿ ಹಿಡಿಯಿತು. ಕಳೆದದ್ದು ಏನೂ ಇಲ್ಲ. ಬಿಚ್ಚುವ ರೀತಿ ತಿಳಿದವನಿಗೆ ಎಲ್ಲವೂ ಮರಳಿ ಸಿಗುವದು. ಅಡಕದ ಮೊದಲ ನಿಯಮವೇ ಇದು: ಮಡಚುವವನಿಗೂ ಬಿಚ್ಚುವವನಿಗೂ ಒಂದೇ ಒಪ್ಪಂದವಿರಬೇಕು.

ಇದೇ ಜಾತಿಗೆ ಸೇರಿದ ಇನ್ನೊಂದು ಉಪಾಯವನ್ನು ಕಂಡುಹಿಡಿದವನು ನಮ್ಮಂತೆ ಒಬ್ಬ ವಿದ್ಯಾರ್ಥಿ. 1951ರಲ್ಲಿ ಅಮೇರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ರಾಬರ್ಟ್ ಫ್ಯಾನೋ ಎಂಬ ಪ್ರಾಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ, ಕೊನೆಯ ಪರೀಕ್ಷೆಗೆ ಕೂಡುವದು ಇಲ್ಲವೆ ಒಂದು ಸಮಸ್ಯೆಯನ್ನು ಬಿಡಿಸಿ ಪ್ರಬಂಧ ಬರೆಯುವದು, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರು. ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ ಪ್ರಬಂಧವನ್ನು ಆರಿಸಿಕೊಂಡನು. ಮೇಲಿಂದ ಮೇಲೆ ಬರುವ ಅಂಕಿಗೆ ಚಿಕ್ಕ ಗುರುತನ್ನೂ ಅಪರೂಪಕ್ಕೆ ಬರುವದಕ್ಕೆ ಉದ್ದ ಗುರುತನ್ನೂ ಕೊಟ್ಟರೆ ಒಟ್ಟು ಬರವಣಿಗೆ ಕಿರಿದಾಗುವದು. ದಿನಾಲು ಹತ್ತು ಸಲ ಕರೆಯುವ ಮಗುವಿಗೆ ಮನೆಯಲ್ಲಿ ಎರಡಕ್ಷರದ ಹೆಸರು ಬೀಳುವಂತೆ. ಆ ಗುರುತುಗಳನ್ನು ಅತ್ಯಂತ ಮಿತವಾಗಿ ಹಂಚುವ ಕ್ರಮವನ್ನು ಹಫ್‌ಮನ್ ತೋರಿಸಿದನು. 1952ರಲ್ಲಿ ಅದು ಅಚ್ಚಾಯಿತು. ಇಂದಿಗೂ ಡಿಜಿಟಲ್ ಚಿತ್ರದ ಅಡಕದಲ್ಲಿ ಕೊನೆಯ ಮಡಿಕೆಯನ್ನು ಹಾಕಲು ಆ ಕ್ರಮ ಬಳಕೆಯಲ್ಲಿದೆ.

ಕಣ್ಣು ಕಾಣದ್ದನ್ನು ಬಿಡುವ ಅಡಕ

ಆದರೆ ಕಳೆಯದ ಅಡಕದಿಂದ ಎಂಬತ್ತರಲ್ಲೊಂದು ಪಾಲಿಗೆ ಇಳಿಯುವದು ಶಕ್ಯವಿಲ್ಲ. ಆದುದರಿಂದ ಎರಡನೆಯ ಜಾತಿಯ ಅಡಕ ಬೇಕಾಯಿತು. ಇಲ್ಲಿ ಕೆಲವನ್ನು ಬಿಟ್ಟುಕೊಡಬೇಕು. ಯಾವದನ್ನು ಬಿಡಬೇಕು? ಕಣ್ಣಿಗೆ ಹೇಗೂ ಕಾಣದೆ ಇರುವದನ್ನು ಬಿಡಬೇಕು.

ಮೊದಲಿಗೆ ಬಣ್ಣ. ನಮ್ಮ ಕಣ್ಣು ಬೆಳಕು-ನೆರಳುಗಳ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಹಿಡಿಯುವದು. ಬಣ್ಣದ ಅಂಚನ್ನು ಅಷ್ಟು ಸೂಕ್ಷ್ಮವಾಗಿ ಹಿಡಿಯದು. ಆದುದರಿಂದ ಕೆಂಪು, ಹಸಿರು, ನೀಲಿ ಎಂಬ ಮೂರರ ಬದಲು ಬೆಳಕು ಒಂದು, ಬಣ್ಣದ ಭೇದ ಎರಡು ಎಂದು ಚಿತ್ರವನ್ನು ಬೇರೆ ರೀತಿಯಾಗಿ ಬರೆದುಕೊಳ್ಳುವರು. ನಾಲ್ಕು ಚುಕ್ಕಿಗಳಿಗೆ ಬೆಳಕಿನ ಅಂಕಿಗಳು ನಾಲ್ಕೂ ಉಳಿಯುತ್ತವೆ. ಬಣ್ಣದ ಅಂಕಿಗಳು ಎಂಟರ ಬದಲು ಎರಡೇ ಉಳಿಯುತ್ತವೆ. ಹನ್ನೆರಡು ಇದ್ದದ್ದು ಆರಾಯಿತು. ಇಷ್ಟರಿಂದಲೇ ಸರಕು ಅರ್ಧಕ್ಕೆ ಇಳಿಯಿತು, ನೋಡುವವರಿಗೆ ಗೊತ್ತೂ ಆಗಲಿಲ್ಲ.

ಇದರ ಮುಂದಿನ ಹೆಜ್ಜೆಯೇ ಇಡಿಯ ವಿದ್ಯೆಯ ಬೆನ್ನೆಲುಬು. ಚಿತ್ರವನ್ನು ಅಡ್ಡ 8, ಉದ್ದ 8 ಚುಕ್ಕಿಗಳ ಚಿಕ್ಕ ಚೌಕಗಳಾಗಿ ಕತ್ತರಿಸುವರು. ಒಂದು ಚೌಕದಲ್ಲಿ 64 ಅಂಕಿಗಳು. ಈ 64 ಅಂಕಿಗಳನ್ನು ಹಾಗೆಯೇ ಕಳಿಸದೆ ಬೇರೊಂದು ಬಗೆಯಿಂದ ಹೇಳಬಹುದೇ? ನಮ್ಮ ಸೀಮೆಯ ಎರೆಹೊಲವೊಂದನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಆ ಹೊಲದ 64 ಕಡೆಗಳಲ್ಲಿ ನೆಲದ ಎತ್ತರವನ್ನು ಅಳೆದು ಬರೆದರೆ 64 ಅಂಕಿಗಳಾಗುವವು. ಆದರೆ ಹೊಲದ ಒಡೆಯನು ಹಾಗೆ ಹೇಳುವದಿಲ್ಲ. 'ಹೊಲ ಒಟ್ಟಾರೆ ಇಷ್ಟು ಎತ್ತರದಲ್ಲಿದೆ. ಪಡುವಲಿಂದ ಮೂಡಲಿಗೆ ಇಷ್ಟು ಇಳುಕಲು. ನಡುವೆ ತುಸು ತಗ್ಗು' ಎಂದು ಮೂರು ಮಾತಿನಲ್ಲಿ ಮುಗಿಸುತ್ತಾನೆ. ಅವು ಆದಮೇಲೆ ಉಳಿಯುವದು ಸಾಲುಗಳ ಏರಿಳಿತ, ಹೆಂಟೆಗಳ ಉಬ್ಬು-ತಗ್ಗು. ದಾರಿಯಲ್ಲಿ ನಿಂತು ನೋಡುವವನಿಗೆ ಹೆಂಟೆಗಳ ಲೆಕ್ಕ ಬೇಕಾಗಿಲ್ಲ.

ಚಿತ್ರದ ಚೌಕಕ್ಕೂ ಇದೇ ಉಪಚಾರ. 64 ಚುಕ್ಕಿಗಳ ಬೆಳಕನ್ನು 64 ಬಗೆಯ ಅಲೆಗಳ ಮೊತ್ತವೆಂದು ತಿಳಿದು, ಒಂದೊಂದು ಅಲೆಯೂ ಎಷ್ಟೆಷ್ಟು ಇದೆಯೆಂದು ಲೆಕ್ಕ ಹಾಕುವರು. ಮೊದಲ ಅಂಕಿ ಚೌಕದ ಸರಾಸರಿ ಬೆಳಕು. ನಂತರದವು ನಿಧಾನದ ಅಲೆಗಳು. ಕೊನೆಕೊನೆಯವು ಬಹಳ ಸಣ್ಣ, ಗಡಿಬಿಡಿಯ ಅಲೆಗಳು. ಆಕಾಶ, ಗೋಡೆ, ಮುಖದ ಕೆನ್ನೆ ಇಂಥ ಕಡೆಗಳಲ್ಲಿ ಸತ್ವವೆಲ್ಲ ಮೊದಲ ಕೆಲವು ಅಂಕಿಗಳಲ್ಲಿಯೇ ಬಂದು ಕೂಡುವದು. ಇಲ್ಲಿಯವರೆಗೆ ಏನೂ ಕಳೆದಿಲ್ಲ; ಅಲೆಗಳನ್ನು ಮರಳಿ ಕೂಡಿಸಿದರೆ ಮೊದಲಿನ ಚೌಕವೇ ಬರುವದು. ಕಳೆಯುವದು ಮುಂದಿನ ಹೆಜ್ಜೆಯಲ್ಲಿ. ಒಂದೊಂದು ಅಂಕಿಯನ್ನೂ ಗೊತ್ತಾದ ಒಂದು ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಬಿಟ್ಟು ಪೂರ್ಣಾಂಕ ಮಾಡುವರು. ಸಣ್ಣ ಅಲೆಗಳನ್ನು ದೊಡ್ಡ ಸಂಖ್ಯೆಯಿಂದ ಭಾಗಿಸುವದರಿಂದ ಅವುಗಳಲ್ಲಿ ಬಹುಪಾಲು ಸೊನ್ನೆಯಾಗಿಬಿಡುವವು. ಸೊನ್ನೆಗಳ ಸಾಲನ್ನು 'ಇಲ್ಲಿಂದ ಮುಂದೆಲ್ಲ ಸೊನ್ನೆ' ಎಂದು ಒಂದೇ ಗುರುತಿನಿಂದ ಮುಗಿಸಬಹುದು. ಉಳಿದ ಅಂಕಿಗಳಿಗೆ ಹಫ್‌ಮನ್‌ನ ಚಿಕ್ಕ-ಉದ್ದ ಗುರುತುಗಳು.

ಬೆಂಗಳೂರಿನ ನಾಸಿರ್ ಅಹಮದ್

ಅಲೆಗಳಾಗಿ ಬಿಡಿಸುವ ಈ ಕ್ರಮಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿ.ಸಿ.ಟಿ. ಎಂದು ಹೆಸರು. ಇದನ್ನು ರೂಪಿಸಿದವರು ನಮ್ಮ ನಾಡಿನವರೆಂಬದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ? ನಾಸಿರ್ ಅಹಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ 1961ರಲ್ಲಿ ಪದವಿ ಪಡೆದು ಅಮೇರಿಕಕ್ಕೆ ಹೋದರು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಡಾಕ್ಟರೇಟ್ ಮುಗಿಸಿ, ಮುಂದೆ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. 1972ರಲ್ಲಿ ಅವರಿಗೆ ಈ ವಿಚಾರ ಹೊಳೆಯಿತು. ಅದರ ಸಂಶೋಧನೆಗಾಗಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಅನುದಾನ ಸಿಗಲಿಲ್ಲ. ಅರ್ಜಿಯನ್ನು ನೋಡಿದವರಲ್ಲಿ ಒಬ್ಬರಿಗೆ ಅದು ತೀರ ಸರಳವಾದ ವಿಚಾರವೆಂದು ತೋರಿತ್ತಂತೆ. ಇದನ್ನು ಅವರೇ ಮುಂದೆ 1991ರ ಒಂದು ಲೇಖನದಲ್ಲಿ ನೆನೆದಿದ್ದಾರೆ.

ಹಣವಿಲ್ಲವೆಂದು ಅವರು ಕೈಬಿಡಲಿಲ್ಲ. 1973ರ ಬೇಸಿಗೆಯಲ್ಲಿ ಅನುದಾನವಿಲ್ಲದೆಯೇ ಕೆಲಸ ಮುಂದುವರಿಸಿದರು. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಟೆಕ್ಸಾಸಿನಲ್ಲಿ ಅಧ್ಯಾಪಕರಾಗಿದ್ದ ಗೆಳೆಯ ಕೆ. ಆರ್. ರಾವ್ ಅವರೊಡನೆ ಸೇರಿ 1974ರ ಜನೆವರಿಯಲ್ಲಿ ಮೂರು-ನಾಲ್ಕು ಪುಟಗಳ ಒಂದು ಲೇಖನವನ್ನು ಪ್ರಕಟಿಸಿದರು. ಮುಂದೆ ಚಿತ್ರಗಳ ಅಡಕಕ್ಕಾಗಿ 1992ರಲ್ಲಿ ನಿಶ್ಚಯವಾದ ಜೆಪೆಗ್ ಕ್ರಮ, ದೂರದರ್ಶನಕ್ಕಾಗಿ 1990ರ ದಶಕದ ನಡುವಿನಲ್ಲಿ ನಿಶ್ಚಯವಾದ ಎಂಪೆಗ್-2 ಕ್ರಮ, ಇವೆರಡೂ ಆ ಲೇಖನದ ಅಡಿಪಾಯದ ಮೇಲೆ ನಿಂತವು. 2003ರ ಎಚ್.264 ಮೊದಲಾದ ಹೊಸ ಕ್ರಮಗಳೂ ಅದರ ಸಂತತಿಯೇ. ನಾವು ಮೊಬೈಲಿನಲ್ಲಿ ಗೆಳೆಯರಿಗೆ ಕಳಿಸುವ ಫೋಟೋದಲ್ಲಿಯೂ ಅದೇ ಎಂಟೆಂಟರ ಚೌಕಗಳಿವೆ. ಸರಳವೆಂದು ತಳ್ಳಲ್ಪಟ್ಟ ವಿಚಾರವು ಲೋಕದ ಚಿತ್ರಗಳನ್ನೆಲ್ಲ ಹೊತ್ತಿತು. ಸರಳತೆಯನ್ನು ದೋಷವೆಂದು ಎಣಿಸಬಾರದೆಂಬ ಪಾಠವನ್ನು ನಾವು, ಉತ್ತರಪತ್ರಿಕೆಯನ್ನು ತೂಕದಿಂದ ಅಳೆಯುವ ವಿದ್ಯಾರ್ಥಿಗಳು, ಇಲ್ಲಿಂದ ಕಲಿಯಬಹುದು.

ಮೊದಲಿದ್ದುದನ್ನು ಮತ್ತೆ ಹೇಳದಿರುವದು

ಇನ್ನೊಂದು ಉಳಿತಾಯ ಕಾಲದ ಕಡೆಯಿಂದ ಬರುವದು. ಚಂದನ ವಾಹಿನಿಯಲ್ಲಿ ವಾರ್ತೆ ಓದುವವರನ್ನು ನೆನೆಯಿರಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಸೆಕೆಂಡಿನ ಇಪ್ಪತ್ತೈದನೆಯ ಒಂದು ಪಾಲು. ಅಷ್ಟರಲ್ಲಿ ಬದಲಾಗುವದು ತುಟಿ, ಕಣ್ಣೆವೆ ಇಷ್ಟೇ. ಹಿಂದಿನ ಗೋಡೆ, ಮೇಜು, ಉಟ್ಟ ಸೀರೆ ಎಲ್ಲ ಹಾಗೆಯೇ ಇರುವವು. ಅವನ್ನು ಪುನಃ ಯಾಕೆ ಕಳಿಸಬೇಕು? ಆದುದರಿಂದ ಒಂದು ಚಿತ್ರವನ್ನು ಪೂರ್ಣವಾಗಿ ಕಳಿಸಿ, ಮುಂದಿನ ಹಲವು ಚಿತ್ರಗಳಲ್ಲಿ ವ್ಯತ್ಯಾಸವನ್ನಷ್ಟೇ ಕಳಿಸುವರು. ವಸ್ತು ಚಲಿಸುತ್ತಿದ್ದರೆ, ಉದಾಹರಣೆಗೆ ಹೊಲದ ದಾರಿಯಲ್ಲಿ ಚಕ್ಕಡಿ ಸಾಗುತ್ತಿದ್ದರೆ, ಚಕ್ಕಡಿಯನ್ನು ಹೊಸದಾಗಿ ಬರೆಯದೆ 'ಮೊದಲಿನ ಈ ಚೌಕವನ್ನು ಇಷ್ಟು ಬಲಕ್ಕೆ ಸರಿಸು' ಎಂದು ಅಪ್ಪಣೆ ಕೊಡುವರು. ಸುಮಾರು ಹನ್ನೆರಡು ಚಿತ್ರಗಳಿಗೊಮ್ಮೆ, ಎಂದರೆ ಅರ್ಧ ಸೆಕೆಂಡಿಗೊಮ್ಮೆ, ಪುನಃ ಪೂರ್ಣ ಚಿತ್ರ ಬರುವದು. ವಾಹಿನಿ ಬದಲಿಸಿದಾಗ ಪರದೆ ಒಂದು ಗಳಿಗೆ ಕಪ್ಪಾಗಿ ನಿಲ್ಲುವದಕ್ಕೆ ಇದೂ ಒಂದು ಕಾರಣ. ಬಾಕ್ಸು ಮುಂದಿನ ಪೂರ್ಣ ಚಿತ್ರಕ್ಕಾಗಿ ಕಾಯುತ್ತಿರುತ್ತದೆ.

ಧ್ವನಿಗೂ ಅಡಕವುಂಟು. ಡೊಳ್ಳು ಬಾರಿಸುತ್ತಿರುವಾಗ ಪಕ್ಕದವರ ಪಿಸುಮಾತು ಕಿವಿಗೆ ಬೀಳುವದಿಲ್ಲ. ಬೀಳದ ಪಿಸುಮಾತನ್ನು ಕಳಿಸದಿದ್ದರೆ ನಷ್ಟವೇನು? ಕಣ್ಣಿನ ಮಿತಿಯನ್ನು ಬಲ್ಲವರು ಚಿತ್ರವನ್ನು, ಕಿವಿಯ ಮಿತಿಯನ್ನು ಬಲ್ಲವರು ನಾದವನ್ನು ಹೀಗೆ ಕಿರಿದುಗೊಳಿಸಿದರು.

ಆಕಾಶದ ದಾರಿ

ಇಷ್ಟು ಅಡಕವಾದ ಮೇಲೆ ಪ್ರಸಾರದ ಕೆಲಸ. ಬಿಟ್‌ಗಳ ಹೊಳೆಯನ್ನು ಸಣ್ಣ ಸಣ್ಣ ಲಕೋಟೆಗಳಾಗಿ ಮಾಡುವರು. ಎಂಟು ಬಿಟ್‌ಗಳಿಗೆ ಒಂದು ಬೈಟ್; ಒಂದೊಂದು ಲಕೋಟೆಯಲ್ಲಿ 188 ಬೈಟ್‌ಗಳು. ಮೊದಲ ಬೈಟು ಯಾವಾಗಲೂ 71 ಎಂಬ ಅಂಕಿ. ಇಲ್ಲಿ ಹೊಸ ಲಕೋಟೆ ಆರಂಭವಾಯಿತೆಂಬದಕ್ಕೆ ಅದು ಗುರುತು. ಅದರ ಬೆನ್ನಿಗೆ ವಿಳಾಸ: ಇದು ಯಾವ ವಾಹಿನಿಯದು, ಚಿತ್ರವೋ ಧ್ವನಿಯೋ ಎಂಬದು. ಹಲವು ವಾಹಿನಿಗಳ ಲಕೋಟೆಗಳು ಒಂದೇ ಚೀಲದಲ್ಲಿ ಬೆರೆತು ಹೋಗುವವು. ಕಬಡ್ಡಿ ಪಂದ್ಯದಂಥ ಓಡಾಟದ ಚಿತ್ರಕ್ಕೆ ಹೆಚ್ಚು, ಕುಳಿತು ಮಾತಾಡುವ ಚಿತ್ರಕ್ಕೆ ಕಡಿಮೆ ಎಂದು ಗಳಿಗೆ ಗಳಿಗೆಗೂ ಹಂಚಿಕೆ ಮಾಡುವ ವ್ಯವಸ್ಥೆಯೂ ಉಂಟು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಇಷ್ಟೆಲ್ಲ ಕಷ್ಟಪಟ್ಟು ಕಿರಿದು ಮಾಡಿದ್ದಕ್ಕೆ ಈಗ ಪುನಃ ಸೇರಿಸುತ್ತಾರೆ. ದಾರಿಯಲ್ಲಿ ಕೆಲವು ಬಿಟ್‌ಗಳು ಕೆಡುವದು ಖಂಡಿತ. ಅಡಕವಾದ ಬರವಣಿಗೆಯಲ್ಲಿ ಒಂದು ಗುರುತು ತಪ್ಪಿದರೆ ಮುಂದಿನದೆಲ್ಲ ಕೆಡಬಹುದು. ಆದುದರಿಂದ 188 ಬೈಟ್‌ಗಳಿಗೆ 16 ತಾಳೆಯ ಬೈಟ್‌ಗಳನ್ನು ಕೂಡಿಸಿ 204 ಮಾಡುವರು. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬಿಬ್ಬರು ಗಣಿತಜ್ಞರು ಕಂಡುಹಿಡಿದ ಕ್ರಮವಿದು. ಅಂಗಡಿಯ ಲೆಕ್ಕದ ಕೊನೆಗೆ ಬರೆದ ಬೇರೀಜು ತಪ್ಪನ್ನು ತೋರಿಸಿಕೊಡುವದು; ಈ ಬೇರೀಜು ತಪ್ಪನ್ನು ತೋರಿಸುವದಲ್ಲದೆ, ಒಂದು ಲಕೋಟೆಯಲ್ಲಿ 8 ಬೈಟ್‌ಗಳವರೆಗೆ ತಿದ್ದಿಯೂ ಕೊಡುವದು. ಇದರ ಮೇಲೆ ಮತ್ತೊಂದು ಕವಚ: ಮೂರು ಬಿಟ್‌ಗಳಿಗೆ ನಾಲ್ಕನ್ನು ಕಳಿಸುವ ಪದ್ಧತಿ. ಬೇಡದ ಪುನರುಕ್ತಿಯನ್ನು ತೆಗೆದು, ಬೇಕಾದ ಪುನರುಕ್ತಿಯನ್ನು ತುಂಬುವದೇ ಡಿಜಿಟಲ್ ಪ್ರಸಾರದ ಮರ್ಮವೆನ್ನಬಹುದು. 1948ರಲ್ಲಿ ಕ್ಲಾಡ್ ಶ್ಯಾನನ್ ಎಂಬ ವಿದ್ವಾಂಸನು ಈ ಎರಡೂ ಕೆಲಸಗಳಿಗೆ ಗಣಿತದ ಬುನಾದಿಯನ್ನು ಹಾಕಿದನು.

ಬಳಿಕ ಬಿಟ್‌ಗಳು ಅಲೆಯನ್ನೇರುವವು. ಅಲೆಗೆ ನಾಲ್ಕು ನಿಲುವುಗಳು. ಒಂದೊಂದು ನಿಲುವೂ ಎರಡು ಬಿಟ್‌ಗಳನ್ನು ಸೂಚಿಸುವದು. ಲಘುಲಘು, ಲಘುಗುರು, ಗುರುಲಘು, ಗುರುಗುರು ಎಂದು ನಾವು ಹೇಳಬಹುದು. ಈ ನಿಲುವುಗಳು ಸೆಕೆಂಡಿಗೆ ಸುಮಾರು ಮೂರು ಕೋಟಿ ಸಲ ಬದಲಾಗುವವು. ತಾಳೆಯ ಗುರುತುಗಳನ್ನೆಲ್ಲ ಕಳೆದರೆ ಸರಕಿಗೆ ಉಳಿಯುವದೇ ಮೇಲೆ ಹೇಳಿದ 4 ಕೋಟಿ ಬಿಟ್‌ಗಳ ದಾರಿ.

ಮಾಸಿಕ ಶುಲ್ಕವಿಲ್ಲದೆ ದೊರೆಯುವ ಡಿ.ಡಿ. ಫ್ರೀ ಡಿಶ್ ಸೇವೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಸಂಕೇತ ದಿಲ್ಲಿಯಿಂದ ಮೇಲೇರಿ, ಪೂರ್ವ ರೇಖಾಂಶ 93½ರಲ್ಲಿರುವ ಜಿಸ್ಯಾಟ್-15 ಉಪಗ್ರಹವನ್ನು ಮುಟ್ಟಿ, ನಮ್ಮ ಕಡೆಗೆ ಇಳಿಯುವದು. ಈ ಉಪಗ್ರಹವನ್ನು ಇಸ್ರೋ ಸಂಸ್ಥೆ ಬೆಂಗಳೂರಿನಲ್ಲಿ ನಿರ್ಮಿಸಿತು. 2015ರ ನವೆಂಬರ್ 11ರಂದು ದಕ್ಷಿಣ ಅಮೇರಿಕದ ಫ್ರೆಂಚ್ ಗಯಾನಾದಿಂದ ಅದು ಮೇಲೇರಿತು. ಇಸ್ರೋದ ಇಂಥ ಉಪಗ್ರಹಗಳನ್ನು ಅವುಗಳ ಸ್ಥಾನದಲ್ಲಿ ಕಾಯ್ದುಕೊಂಡು ಬರುವ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲಿದೆ. ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹವು ಭೂಮಿಯ ಜೊತೆಗೇ ಸುತ್ತುವದರಿಂದ ನಮಗೆ ಅದು ನಿಂತಲ್ಲಿಯೇ ನಿಂತಂತೆ ತೋರುವದು. ಗದಗಿನಿಂದ ನೋಡಿದರೆ ಅದು ಆಗ್ನೇಯದಲ್ಲಿ, ದಿಗಂತದಿಂದ ಸುಮಾರು 60 ಅಂಶ ಮೇಲಿದೆ. ಹೋಗಿಬರುವ ಈ ದಾರಿಗೆ ಬೆಳಕಿನ ವೇಗದಲ್ಲಿಯೂ ಕಾಲು ಸೆಕೆಂಡು ಹಿಡಿಯುವದು. ತಟ್ಟೆ ಆ ಕ್ಷೀಣವಾದ ಅಲೆಯನ್ನು ಒಂದು ಬಿಂದುವಿನಲ್ಲಿ ಕೂಡಿಸುವದು, ಅಲ್ಲಿರುವ ಎಲ್.ಎನ್.ಬಿ. ಎಂಬ ಉಪಕರಣ ಅದನ್ನು ತಂತಿಯಲ್ಲಿ ಸಾಗುವಂತೆ ಮಾಡುವದು. ಒಳಗಿನ ಸೆಟ್ ಟಾಪ್ ಬಾಕ್ಸು ತಪ್ಪುಗಳನ್ನು ತಿದ್ದಿ, ಲಕೋಟೆಗಳನ್ನು ವಿಂಗಡಿಸಿ, ಮಡಿಕೆಗಳನ್ನು ಬಿಚ್ಚಿ ಚಿತ್ರವನ್ನು ಕಟ್ಟುವದು.

ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನ ಸುಮಾರು. ಮಳೆಯ ಹನಿಗಳು ಇಂಥ ಅಲೆಗಳನ್ನು ಹೀರುವವು, ಚದುರಿಸುವವು. ಮಿರಗದ ಮಳೆ ಕಪ್ಪಿಟ್ಟು ಸುರಿಯುವಾಗ ಮೊದಲು ಚಿತ್ರಕ್ಕೆ ಏನೂ ಆಗುವದಿಲ್ಲ. ತಾಳೆಯ ಬೈಟ್‌ಗಳು ತಿದ್ದುತ್ತಲೇ ಇರುವವು. ತಪ್ಪುಗಳು ತಿದ್ದುವ ಶಕ್ತಿಯನ್ನು ಮೀರಿದ ಕೂಡಲೆ ಚಿತ್ರ ಚೌಕಚೌಕವಾಗಿ ಒಡೆದು, ನಮ್ಮ ಅವ್ವಂದಿರು ಹೊಲಿದ ಕೌದಿಯಂತೆ ಕಂಡು, ಬಳಿಕ ಪೂರ್ತಿ ಹೋಗಿಬಿಡುವದು. ಹಳೆಯ ಅನಲಾಗ್ ದೂರದರ್ಶನದಲ್ಲಿ ಸಂಕೇತ ಕ್ಷೀಣಿಸಿದಂತೆ ಚಿತ್ರವೂ ಮೆಲ್ಲಮೆಲ್ಲನೆ ಮಸುಕಾಗುತ್ತಿತ್ತು. ಡಿಜಿಟಲಿನಲ್ಲಿ ಚೆನ್ನಾಗಿರುವದಕ್ಕೂ ಇಲ್ಲದಿರುವದಕ್ಕೂ ನಡುವೆ ಒಂದೇ ಮೆಟ್ಟಿಲು. ಕೌದಿಯ ತೇಪೆಗಳಂತೆ ತೋರುವ ಆ ಚೌಕಗಳು ಅಡಕಕ್ಕಾಗಿ ಕತ್ತರಿಸಿದ ಚೌಕಗಳೇ.

ಉಳಿದ ಜಾಗ ಯಾರದು?

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ ಸೈಟ್ ಎಂಬ ಪ್ರಯೋಗ ನಡೆಯಿತು. ಅಮೇರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಶಿಕ್ಷಣ, ಬೇಸಾಯ, ಆರೋಗ್ಯಗಳ ಕಾರ್ಯಕ್ರಮಗಳನ್ನು ಕಳಿಸಿದರು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆಗ ಹಳ್ಳಿಗೆ ಒಂದು ಟಿ.ವಿ., ಅದಕ್ಕೆ ಸುಮಾರು 10 ಅಡಿ ಅಗಲದ ತಂತಿಬಲೆಯ ತಟ್ಟೆ. ಉಪಗ್ರಹದಿಂದ ಬರುತ್ತಿದ್ದದ್ದು ಒಂದೇ ಚಿತ್ರ, ಜೊತೆಗೆ ಎರಡು ಭಾಷೆಗಳಿಗೆ ಎರಡು ಧ್ವನಿ. ಅಡಕದ ವಿದ್ಯೆ ಇನ್ನೂ ಬಳಕೆಗೆ ಬಂದಿರಲಿಲ್ಲ. ನಾಸಿರ್ ಅಹಮದರ ಲೇಖನ ಪ್ರಕಟವಾಗಿ ಒಂದೂವರೆ ವರ್ಷವಾಗಿತ್ತಷ್ಟೇ.

2004ರ ಡಿಸೆಂಬರಿನಲ್ಲಿ ದೂರದರ್ಶನವು ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಹೆಸರಿನಿಂದ ಇಂದಿನ ಫ್ರೀ ಡಿಶ್ ಸೇವೆಯನ್ನು 33 ವಾಹಿನಿಗಳೊಡನೆ ಆರಂಭಿಸಿತು. 2011ರ ಕಾಯ್ದೆಯ ತಿದ್ದುಪಡಿಯಿಂದ ಕೇಬಲ್ ಜಾಲಗಳೂ ಹಂತಹಂತವಾಗಿ ಡಿಜಿಟಲ್ ಆದವು. ಹಳ್ಳಿಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31. ಗೋಪುರಗಳಿಂದ ನಡೆಯುತ್ತಿದ್ದ ಅನಲಾಗ್ ಪ್ರಸಾರವನ್ನು ಕೆಲವೇ ಆಯಕಟ್ಟಿನ ಸ್ಥಳಗಳನ್ನು ಬಿಟ್ಟು 2022ರ ಹೊತ್ತಿಗೆ ನಿಲ್ಲಿಸಲಾಯಿತು.

ಈ ಬದಲಾವಣೆಯ ಬೆಲೆ 2020ರಲ್ಲಿ ತಿಳಿಯಿತು. ಕರೋನಾದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಚಂದನದಲ್ಲಿ ಪಾಠಗಳು ಬಂದವು. ಕೇಂದ್ರ ಸರಕಾರವು ಒಂದು ತರಗತಿಗೆ ಒಂದು ವಾಹಿನಿಯಂತೆ 12 ವಾಹಿನಿಗಳನ್ನು ತೆರೆಯಿತು. ನಮ್ಮ ಮನೆಯಲ್ಲಿದ್ದದ್ದು ಒಂದೇ ಮೊಬೈಲು. ಅದು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಟಿ.ವಿ. ಮನೆಯಲ್ಲಿ ಉಳಿಯುತ್ತಿತ್ತು. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆ ವರ್ಷ ಓದಿನ ಎಳೆ ಕಡಿಯದಂತೆ ಹಿಡಿದ ಕೈಗಳಲ್ಲಿ, ಯಾವ ಶುಲ್ಕವನ್ನೂ ಕೇಳದೆ ಬಂದ ಆ ಪಾಠಗಳೂ ಒಂದು. ನಮ್ಮ ತರಗತಿಯಲ್ಲಿ ಹೀಗೆ ಹೇಳುವವರು ಇನ್ನೂ ಹಲವರಿದ್ದಾರೆ.

ಹಾಗಾದರೆ ಅಡಕದಿಂದ ಉಳಿದ ಜಾಗವೆಲ್ಲ ಇಂಥದಕ್ಕೇ ದೊರೆಯಿತೇ? ಅದು ಹಾಗಿಲ್ಲ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳಿಗೆ ಮೀಸಲಾದ ಸ್ಥಾನಗಳನ್ನು ಪ್ರಸಾರ ಭಾರತಿ ಹರಾಜಿನಿಂದ ಕೊಡುತ್ತದೆ. ಹರಾಜಿನಲ್ಲಿ ಗೆಲ್ಲುವದು ಹೆಚ್ಚು ಜಾಹೀರಾತು ತರಬಲ್ಲ ವಾಹಿನಿ. ಆದುದರಿಂದ ಅಲ್ಲಿ ಹಿಂದೀ ವಾಹಿನಿಗಳ ಸಂಖ್ಯೆ ದೊಡ್ಡದು, ಕನ್ನಡದ್ದು ಚಿಕ್ಕದು. ನಮ್ಮ ಭಾಷೆಯ ಸ್ಥಾನವನ್ನು ಕಾಯ್ದಿರುವದು ಮುಖ್ಯವಾಗಿ ಸಾರ್ವಜನಿಕ ವಾಹಿನಿಯಾದ ಚಂದನ. ಯಾವ ಅಲೆಯನ್ನು ಉಳಿಸಬೇಕು, ಯಾವದನ್ನು ಸೊನ್ನೆ ಮಾಡಬೇಕೆಂಬದನ್ನು ಗಣಿತವು ಕಣ್ಣಿನ ಮಿತಿಯನ್ನು ನೋಡಿ ನಿರ್ಣಯಿಸಿತು. ಯಾವ ವಾಹಿನಿ ಉಳಿಯಬೇಕು, ಯಾವ ಭಾಷೆ ಸೊನ್ನೆಯಾಗಬೇಕೆಂಬದನ್ನು ಹಣದ ಥೈಲಿ ನಿರ್ಣಯಿಸಿದರೆ ಅದು ಬೇರೆ ಬಗೆಯ ಅಡಕ. ಅಲ್ಲಿ ಬಿಟ್ಟುಹೋದದ್ದು ಯಾರ ಕಣ್ಣಿಗೂ ಕಾಣದ ಹೆಂಟೆಯಲ್ಲ. ಅದು ಕೆಲವರ ಹೊಲವೇ ಆಗಿರಬಹುದು.

ಜಾಗ ಉಳಿಸುವ ವಿದ್ಯೆಯನ್ನು ವಿಜ್ಞಾನದವರು ಕೊಟ್ಟರು. ಉಳಿದ ಜಾಗವನ್ನು ಹಂಚುವ ವಿಚಾರ ಅರ್ಥಶಾಸ್ತ್ರದ್ದು, ರಾಜ್ಯಶಾಸ್ತ್ರದ್ದು, ಭಾಷೆಯನ್ನು ಓದುವವರದು, ಎಂದರೆ ನಮ್ಮದು. ಒಂದೇ ಟ್ರಾನ್ಸ್‌ಪಾಂಡರಿನಲ್ಲಿ ಹದಿಮೂರು ವಾಹಿನಿಗಳು ಹಿಡಿಸುವದಾದರೆ ಅವುಗಳಲ್ಲಿ ಒಂದು, ಕನ್ನಡ ಮಾಧ್ಯಮದ ಪದವಿ ವಿದ್ಯಾರ್ಥಿಗಳ ಪಾಠಕ್ಕಾಗಿಯೇ ಯಾಕಿರಬಾರದು? 30 ಲಕ್ಷ ಬಿಟ್‌ಗಳ ಮಾತಿದು. ಗುರುಗಳೂ ಸಹಪಾಠಿಗಳೂ ಈ ಪ್ರಶ್ನೆಯನ್ನು ನಮ್ಮ ಚರ್ಚಾಕೂಟದಲ್ಲಿ ಎತ್ತಿಕೊಳ್ಳಬೇಕೆಂದು ವಿನಂತಿಸಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.